ಪರತಂತ್ರ ನೊಣಗಳನ್ನು ಫೋಟೊದಿಂದ ಗುರುತಿಸುವುದು ಹೇಗೆ?

ತೊಗರಿಗೆ ಕಾಯಿ ಕೊರಕ ಬಿದ್ದಾಗ ವಿಜಯಪುರ ಭಾಗದ ರೈತರು ಗಿಡ ಅಲುಗಾಡಿಸಿ ಹುಳುಗಳನ್ನು ಕೆಳಗೆ ಹಾಸಿದ ತಾಡಪತ್ರಿಯ ಮೇಲೆ ಬೀಳಿಸುತ್ತಾರೆ. ಬಿದ್ದ ಹುಳುಗಳನ್ನೆಲ್ಲ ನಾಶಪಡಿಸುವ ಮೊದಲು ಒಂದಿಷ್ಟನ್ನು ತೆಗೆದಿಟ್ಟು ಬೆಳಕಿನಲ್ಲಿ ಬಾಗಿ ನೋಡಿ. ಒಂದೆರಡರ ಕತ್ತಿನ ಹಿಂದೆ, ಹುಳು ಎಷ್ಟು ತಿರುಗಿದರೂ ಅದರ ಬಾಯಿಗೆ ಎಟುಕದ ಜಾಗದಲ್ಲಿ, ಅರ್ಧ ಮಿಲಿಮೀಟರ್‌ನಷ್ಟು ಉದ್ದದ ಬಿಳಿ ಮೊಟ್ಟೆ ಅಂಟಿಕೊಂಡಿರಬಹುದು. ಅದನ್ನಿಟ್ಟದ್ದು ಒಂದು ನೊಣ. ಮೊಟ್ಟೆಯೊಡೆದ ಮರಿ ಕಾಯಿ ಕೊರಕದ ಮೈಯೊಳಗೆ ಹೊಕ್ಕು, ಒಳಗಿನಿಂದಲೇ ತಿಂದು ಬೆಳೆದು, ಕೊನೆಗೆ ಅದನ್ನು ಕೊಂದೇ ಹೊರಬರುತ್ತದೆ. ಹೀಗೆ ಇನ್ನೊಂದು ಜೀವಿಯನ್ನು ತಿಂದು ಬದುಕುವ ಪರತಂತ್ರ ನೊಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಟ್ಯಾಕಿನಿಡ್ ಕುಟುಂಬ. ಜಗತ್ತಿನಲ್ಲಿ ಇದರ 8,500ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಡಲಾಗಿದೆ.

ಅದೇ ಕುಟುಂಬದ ಇನ್ನೊಂದು ನೊಣದ ಹೆಸರು ಕೇಳಿದರೆ ರೇಷ್ಮೆ ಸಾಕುವವರ ಮುಖ ಬಾಡುತ್ತದೆ. ಅದು ರೇಷ್ಮೆ ಹುಳುವಿನ ಮೈಯಲ್ಲಿ ಬೆಳೆಯುವ ಊಜಿ ನೊಣ. 1980ರಲ್ಲಿ ಕರ್ನಾಟಕದ ರೇಷ್ಮೆ ಸಾಕಣೆ ಮನೆಗಳಲ್ಲಿ ಕಾಣಿಸಿಕೊಂಡ ಇದು ಇಂದಿಗೂ ಹೋಗಿಲ್ಲ. ತೊಗರಿ ಹೊಲದಲ್ಲಿ ಉಳಿಸಿಕೊಳ್ಳಬೇಕಾದ ನೊಣವೂ ರೇಷ್ಮೆ ಮನೆಗೆ ನುಗ್ಗದಂತೆ ಪರದೆ ಕಟ್ಟಬೇಕಾದ ನೊಣವೂ ಒಂದೇ ಕುಟುಂಬದವು, ನೋಡಲೂ ಹತ್ತಿರ ಹತ್ತಿರ ಒಂದೇ ಬಗೆ. ಆದ್ದರಿಂದ ಔಷಧದ ಡಬ್ಬಿಗೆ ಕೈ ಹಾಕುವ ಮೊದಲು ಮೊಬೈಲ್ ತೆಗೆಯಿರಿ ಎಂಬುದು ನನ್ನ ಕಳಕಳಿಯ ಮಾತು. ಸರಿಯಾಗಿ ತೆಗೆದ ನಾಲ್ಕೈದು ಚಿತ್ರಗಳು ಇಲ್ಲಿ ಬಹಳಷ್ಟನ್ನು ಹೇಳಬಲ್ಲವು.

ಮೊದಲು, ಅದು ನೊಣವೇ?

ಪರತಂತ್ರ ಜೀವಿ ಎಂದೊಡನೆ ನಮ್ಮಲ್ಲಿ ಹೆಚ್ಚು ಜನರಿಗೆ ನೆನಪಾಗುವುದು ಟ್ರೈಕೋಗ್ರಾಮಾ. ಅದು ನೊಣವಲ್ಲ, ಕಣಜದ ಜಾತಿ. ಹೊಲದಲ್ಲಿ ಇಂಥ ಸಣ್ಣ ಕಣಜಗಳೂ ನೊಣಗಳೂ ಒಟ್ಟಿಗೇ ಹಾರಾಡುತ್ತಿರುತ್ತವೆ. ಕಣಜಕ್ಕೆ ಎರಡು ಜೊತೆ ರೆಕ್ಕೆ, ಉದ್ದನೆಯ ಕುಡಿಮೀಸೆ, ಸಾಮಾನ್ಯವಾಗಿ ಎದೆ ಮತ್ತು ಹೊಟ್ಟೆಯ ನಡುವೆ ಸಣ್ಣ ಸೊಂಟ. ನೊಣಕ್ಕೆ ಒಂದೇ ಜೊತೆ ರೆಕ್ಕೆ. ಎರಡನೆಯ ಜೊತೆಯ ಜಾಗದಲ್ಲಿ ಗುಂಡು ತುದಿಯ ಪುಟ್ಟ ಕಡ್ಡಿಗಳಿರುತ್ತವೆ. ಅವು ಹಾರಾಟದಲ್ಲಿ ಸಮತೋಲ ಕಾಯುತ್ತವೆ. ನಾವು ನೋಡಲಿರುವ ನೊಣಗಳಲ್ಲಿ ಹೆಚ್ಚಿನವುಗಳ ಕುಡಿಮೀಸೆ ಮೋಟಾಗಿದ್ದು, ಅದರಿಂದ ಒಂದು ಕೂದಲು ಹೊರಚಾಚಿರುತ್ತದೆ. ಕಣಜದ ಒಂದೊಂದು ಬದಿಯ ಎರಡು ರೆಕ್ಕೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಒಂದೇ ಆಗಿ ಕಾಣುವುದರಿಂದ ಫೋಟೊದಲ್ಲಿ ರೆಕ್ಕೆ ಎಣಿಸುವುದಕ್ಕಿಂತ ಕುಡಿಮೀಸೆಯನ್ನು ನೋಡುವುದು ಸುಲಭ.

ಎಲ್ಲಿ, ಯಾವಾಗ ಹುಡುಕಬೇಕು?

ಬೆಳಿಗ್ಗೆ ಏಳರಿಂದ ಒಂಬತ್ತರ ಹೊತ್ತು ಒಳ್ಳೆಯದು. ಮೈ ಇನ್ನೂ ಬಿಸಿಯಾಗಿರದ ನೊಣ ಎಲೆಯ ತುದಿಯಲ್ಲಿ ಬಿಸಿಲು ಕಾಯಿಸುತ್ತ ಕುಳಿತಿರುತ್ತದೆ, ಹತ್ತಿರ ಹೋದರೂ ತಡವಾಗಿ ಹಾರುತ್ತದೆ. ಬೆಳೆದ ಟ್ಯಾಕಿನಿಡ್ ನೊಣಗಳಿಗೆ ಹೂವಿನ ಮಕರಂದ ಬೇಕು. ಕೊತ್ತಂಬರಿ, ಬಡೇಸೋಪು, ಅಜವಾನದಂಥ ಬಿಚ್ಚು ಹೂಗೊಂಚಲು ಅವುಗಳ ಮೋಟು ಬಾಯಿಗೆ ಹೇಳಿ ಮಾಡಿಸಿದವು. ಕಡಲೆಯ ನಡುವೆ ಸಾಲು ಕೊತ್ತಂಬರಿ ಇದ್ದರೆ ಅಲ್ಲಿಂದಲೇ ಆರಂಭಿಸಿ. ಎಳ್ಳ ಅಮಾವಾಸ್ಯೆಯ ಚರಗಕ್ಕೆ ಮನೆಮಂದಿಯೆಲ್ಲ ಹೊಲಕ್ಕೆ ಹೋದಾಗ ಎರೆ ಹೊಲದ ಕಡಲೆ ಹೂವು ಕಾಯಿಯಲ್ಲಿರುತ್ತದೆ. ಮಕ್ಕಳ ಕೈಗೆ ಮೊಬೈಲ್ ಕೊಟ್ಟು ಹುಡುಕಲು ಹಚ್ಚುವುದಕ್ಕೆ ಅದಕ್ಕಿಂತ ಒಳ್ಳೆಯ ದಿನವಿಲ್ಲ.

ಇನ್ನೊಂದು ಜಾಗ ಗುಡ್ಡದ ನೆತ್ತಿ. ಹಲವು ಟ್ಯಾಕಿನಿಡ್ ಪ್ರಭೇದಗಳ ಗಂಡುಗಳು ಹೆಣ್ಣಿಗಾಗಿ ಎತ್ತರದ ತುದಿಗಳಲ್ಲಿ ಕಾದು ಕೂರುತ್ತವೆ. ಸವದತ್ತಿ, ಬಾದಾಮಿ, ಗೋಕಾಕದ ಗುಡ್ಡ ಹತ್ತುವವರು ತುದಿಯ ಬಂಡೆ ಮತ್ತು ಕುರುಚಲು ಗಿಡಗಳನ್ನು ಗಮನಿಸಿ.

ಯಾವ ಯಾವ ಚಿತ್ರ ಬೇಕು?

ಚಂದದ ಒಂದು ಫೋಟೊಕ್ಕಿಂತ ಬೇರೆ ಬೇರೆ ಕೋನದ ಐದು ಸಾಧಾರಣ ಫೋಟೊಗಳು ಹೆಚ್ಚು ಬೆಲೆಯವು. ಇದನ್ನು ಮತ್ತೆ ಮತ್ತೆ ಹೇಳಬೇಕಾಗಿದೆ. ಜನ ಕಳಿಸುವ ಚಿತ್ರಗಳಲ್ಲಿ ಹೆಚ್ಚಿನವು ಮೇಲಿನಿಂದ ತೆಗೆದವು. ಗುರುತು ಹಚ್ಚಲು ಬೇಕಾದ ಮುಖ್ಯ ಅಂಗಗಳು ಇರುವುದೋ ಪಕ್ಕದಲ್ಲಿ ಮತ್ತು ಮುಖದಲ್ಲಿ.

ಮೊದಲನೆಯದು ನೇರ ಮೇಲಿನಿಂದ. ಎದೆಯ ಮೇಲಿನ ಕಪ್ಪು ಗೆರೆಗಳನ್ನು ಎಣಿಸಲು ಇದು ಬೇಕು. ಎರಡನೆಯದು ನೇರ ಪಕ್ಕದಿಂದ, ಕ್ಯಾಮೆರಾವನ್ನು ನೊಣದ ಮಟ್ಟಕ್ಕೆ ಇಳಿಸಿ. ಒಂದೇ ಚಿತ್ರ ತೆಗೆಯಲು ಅವಕಾಶವಿದ್ದರೆ ನಾನು ಆರಿಸುವುದು ಇದನ್ನೇ. ಮೂರನೆಯದು ಮುಖ: ಕಣ್ಣುಗಳ ನಡುವಿನ ಅಂತರ, ಕಣ್ಣಿನ ಮೇಲೆ ಸಣ್ಣ ರೋಮಗಳಿವೆಯೇ, ಕುಡಿಮೀಸೆ ಎಷ್ಟು ಉದ್ದ ಎಂಬುದೆಲ್ಲ ಇಲ್ಲಿ ಕಾಣುತ್ತದೆ. ನಾಲ್ಕನೆಯದು ರೆಕ್ಕೆ. ಅದರ ನರಗಳು ಸ್ಪಷ್ಟವಾಗಿ ಕಾಣಬೇಕಾದರೆ ಹಿನ್ನೆಲೆ ತಿಳಿಬಣ್ಣದ್ದಾಗಿರಬೇಕು. ಐದನೆಯದು ಹಿಂದಿನಿಂದ, ಹೊಟ್ಟೆಯ ತುದಿಯ ಚಿತ್ರ.

ನಡು ಮಧ್ಯಾಹ್ನದ ಬಿಸಿಲಿನಲ್ಲಿ ನೊಣದ ಮೈ ಹೊಳೆದು ಬಿಳಿ ಮಚ್ಚೆಯಾಗುತ್ತದೆ. ಬಿಳಿ ಪಂಚೆ ಅಥವಾ ತೆಳು ಕಾಗದವನ್ನು ಬಿಸಿಲಿಗೆ ಅಡ್ಡ ಹಿಡಿದರೆ ಬೆಳಕು ಮೆತ್ತಗಾಗಿ ಕೂದಲು, ಗೆರೆಗಳೆಲ್ಲ ಏಳುತ್ತವೆ. ಫ್ಲ್ಯಾಶ್ ಹಾಕಲೇಬೇಕಾದರೆ ಅದರ ಮುಂದೆಯೂ ಕಾಗದ ಇರಲಿ. ಮೊಬೈಲ್ ಅನ್ನು ನೊಣದ ಮೂತಿಗೆ ಹಿಡಿಯಬೇಡಿ. ಹದಿನೈದು ಇಪ್ಪತ್ತು ಸೆಂಟಿಮೀಟರ್ ದೂರದಿಂದ ಎರಡು ಪಟ್ಟು ಜೂಮ್ ಮಾಡಿ, ಒಂದೇ ಸಮನೆ ಹತ್ತಾರು ಚಿತ್ರ ತೆಗೆದು ಆಮೇಲೆ ಆರಿಸಿಕೊಳ್ಳಿ. ಮೊಬೈಲ್‌ಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್ ತುಂಬ ಹತ್ತಿರದಿಂದ ಮಾತ್ರ ಕೆಲಸ ಮಾಡುವುದರಿಂದ ಹಾರಾಡುವ ನೊಣಕ್ಕೆ ಅದು ಹೊಂದದು. ನೊಣವನ್ನು ಪುಟ್ಟ ಡಬ್ಬಿಯಲ್ಲಿ ಹಿಡಿದು ಫ್ರಿಜ್‌ನಲ್ಲಿ ಐದು ಹತ್ತು ನಿಮಿಷ ಇಟ್ಟರೆ (ಬರ್ಫದ ಖಾನೆಯಲ್ಲಲ್ಲ) ಅದು ಮಂಕಾಗಿ ಕೂರುತ್ತದೆ. ಮಿಲಿಮೀಟರ್ ಗುರುತಿನ ಗ್ರಾಫ್ ಹಾಳೆಯ ಮೇಲೆ ಇಟ್ಟು ಆಗ ಮ್ಯಾಕ್ರೊ ಲೆನ್ಸ್ ಬಳಸಿ. ಕೆಲವೇ ನಿಮಿಷಗಳಲ್ಲಿ ಅದು ಚೇತರಿಸಿಕೊಂಡು ಹಾರಿಹೋಗುತ್ತದೆ.

ಟ್ಯಾಕಿನಿಡ್ ನೊಣಗಳ ಮೈಮೇಲೆ ಬೂದಿಯಂಥ ನವಿರು ಪುಡಿ ಇರುತ್ತದೆ. ಬೆಳಕು ಬೀಳುವ ಕೋನ ಬದಲಾದರೆ ಹೊಟ್ಟೆಯ ಮೇಲಿನ ಪಟ್ಟಿಗಳೂ ಜಾಗ ಬದಲಿಸಿದಂತೆ ಕಾಣುತ್ತವೆ. ಒಂದೇ ನೊಣದ ಎರಡು ಚಿತ್ರಗಳನ್ನು ಎರಡು ಪ್ರಭೇದವೆಂದು ತಿಳಿಯುವ ಅಪಾಯ ಇಲ್ಲಿದೆ.

ಟ್ಯಾಕಿನಿಡ್ ಹೌದೋ ಅಲ್ಲವೋ

ಈಗ ಪಕ್ಕದ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಎದೆಯ ಹಿಂತುದಿಯಲ್ಲಿ ಮುಕ್ಕೋನದ ಪುಟ್ಟ ಫಲಕವೊಂದಿದೆ. ಅದರ ಕೆಳಗೆ, ಹೊಟ್ಟೆ ಆರಂಭವಾಗುವ ಮೊದಲು, ಇನ್ನೊಂದು ದುಂಡು ಉಬ್ಬು ಕಂಡರೆ ಅದು ಟ್ಯಾಕಿನಿಡ್ ಎಂಬುದಕ್ಕೆ ಬಲವಾದ ಗುರುತು. ಮನೆನೊಣದಲ್ಲೂ ಮಾಂಸದ ನೊಣದಲ್ಲೂ ಹಸಿರು ಹೊಳಪಿನ ನೊಣದಲ್ಲೂ ಈ ಉಬ್ಬು ಹೀಗೆ ಬೆಳೆದಿರುವುದಿಲ್ಲ. ಮೇಲಿನಿಂದ ತೆಗೆದ ಚಿತ್ರದಲ್ಲಿ ಇದು ಫಲಕದಡಿ ಮುಚ್ಚಿಹೋಗುತ್ತದೆ. ಪಕ್ಕದ ಚಿತ್ರಕ್ಕೆ ನಾನು ಇಷ್ಟು ಒತ್ತು ಕೊಡುವುದು ಇದೊಂದಕ್ಕಾಗಿಯೇ.

ಮುಂದಿನ ಗುರುತು ಕೂದಲು. ಹೊಟ್ಟೆಯ ಮೇಲೆ, ಅದರಲ್ಲೂ ತುದಿಯತ್ತ, ಗಡಸು ಕೂದಲುಗಳು ನೆಟ್ಟಗೆ ನಿಂತಿರುವುದು ಈ ಕುಟುಂಬದ ಚಹರೆ. ಮೈ ಬಹುಮಟ್ಟಿಗೆ ನುಣುಪಾಗಿರುವ ಪ್ರಭೇದಗಳೂ ಇವೆ, ಆದ್ದರಿಂದ ಕೂದಲಿಲ್ಲ ಎಂದಾಕ್ಷಣ ಕೈಬಿಡಬೇಡಿ. ಎದೆಯ ಪಕ್ಕದಲ್ಲಿ, ಹಿಂಗಾಲಿನ ಬುಡದ ಮೇಲ್ಗಡೆ, ಗಡಸು ಕೂದಲುಗಳ ಒಂದು ಸಾಲು ಇದೆಯೇ ನೋಡಿ. ಟ್ಯಾಕಿನಿಡ್, ಮಾಂಸದ ನೊಣ, ಹಸಿರು ನೊಣ ಮೂರರಲ್ಲೂ ಈ ಸಾಲು ಇರುತ್ತದೆ. ಮನೆನೊಣದ ಕುಟುಂಬದಲ್ಲಿ ಇಲ್ಲ. ರೆಕ್ಕೆಯಲ್ಲಿ ನಡುವಿನಿಂದ ಅಂಚಿನತ್ತ ಓಡುವ ಉದ್ದ ನರವೊಂದು ತುದಿ ತಲುಪುವ ಮೊದಲು ತಟ್ಟನೆ ಮುಂದಿನ ಅಂಚಿನತ್ತ ಬಾಗುವುದೂ ಟ್ಯಾಕಿನಿಡ್‌ಗಳಲ್ಲಿ ಸಾಮಾನ್ಯ. ಆದರೆ ಈ ಬಾಗು ಮನೆನೊಣದಲ್ಲೂ ಇದೆ. ಅದೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ.

ಹೆಚ್ಚು ಗೊಂದಲವಾಗುವುದು ಮಾಂಸದ ನೊಣದೊಂದಿಗೆ. ಬೂದು ಎದೆಯ ಮೇಲೆ ಮೂರು ದಪ್ಪ ಕಪ್ಪು ಗೆರೆ, ಚದುರಂಗದ ಹಾಸಿನಂಥ ಹೊಟ್ಟೆ, ಕೆಂಪು ಕಣ್ಣು ಇದ್ದರೆ ಅದನ್ನು ಮಾಂಸದ ನೊಣವೆಂದೇ ಮೊದಲು ಶಂಕಿಸಿ. ಊಜಿ ನೊಣದ ಎದೆಯ ಮೇಲೆ ನಾಲ್ಕು ಗೆರೆ. ಮನೆನೊಣಕ್ಕೂ ನಾಲ್ಕೇ, ಆದರೆ ಅದರಲ್ಲಿ ಉಬ್ಬಿಲ್ಲ, ಕೂದಲ ಸಾಲೂ ಇಲ್ಲ. ಗೆರೆ, ಉಬ್ಬು, ಕೂದಲ ಸಾಲು ಈ ಮೂರನ್ನೂ ಒಟ್ಟಿಗೆ ಓದಿದರೆ ಗೊಂದಲ ಬಹುಪಾಲು ತೀರುತ್ತದೆ.

ಗಾತ್ರವನ್ನು ಮಾತ್ರ ನಂಬಬೇಡಿ. ಪರತಂತ್ರ ನೊಣ ಎಷ್ಟು ಬೆಳೆಯುತ್ತದೆ ಎಂಬುದು ಅದು ತಿಂದ ಹುಳುವಿನ ಗಾತ್ರವನ್ನು ಅವಲಂಬಿಸಿದೆ. ಸಣ್ಣ ಹುಳುವಿನಲ್ಲಿ ಬೆಳೆದ ನೊಣ, ಅಥವಾ ಒಂದೇ ಹುಳುವನ್ನು ಹಂಚಿಕೊಂಡು ಬೆಳೆದ ಎರಡು ಮೂರು ನೊಣಗಳು ಕುಳ್ಳಾಗಿಯೇ ಉಳಿಯುತ್ತವೆ.

ಜೋಳದ ಹೊಲದವರಿಗೆ ಒಂದು ಎಚ್ಚರಿಕೆ. ಮೊಳಕೆಯೊಡೆದ ಜೋಳದ ಮೇಲೆ ಕೂರುವ ಪುಟ್ಟ ಬೂದು ನೊಣ ಸುಳಿ ನೊಣವಾಗಿರಬಹುದು. ಹೆಣ್ಣಿನ ಹೊಟ್ಟೆ ಹಳದಿ, ಅದರ ಮೇಲೆ ಜೋಡಿ ಜೋಡಿಯಾಗಿ ಕಂದು ಮಚ್ಚೆ. ಎಲೆಯ ಕೆಳಗೆ ಉದ್ದನೆಯ ಬಿಳಿ ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಇಡುತ್ತದೆ. ಇದು ಬೆಳೆ ತಿನ್ನುವ ನೊಣ, ಪರತಂತ್ರ ಜೀವಿಯಲ್ಲ. ಮೊಟ್ಟೆ ಎಲೆಯ ಮೇಲಿದೆಯೋ ಹುಳುವಿನ ಮೈಮೇಲಿದೆಯೋ ಎಂಬುದನ್ನೂ ಚಿತ್ರದಲ್ಲಿ ಹಿಡಿಯಿರಿ.

ಉಳಿದ ಕುಟುಂಬಗಳು

ಹತ್ತಿಯಲ್ಲಿ, ದ್ರಾಕ್ಷಿಯಲ್ಲಿ ಜಿಗಿಹುಳು ಹೆಚ್ಚಾದಾಗ ಎಲೆಗಳ ನಡುವೆ ಒಂದೇ ಕಡೆ ನಿಂತು ಹಾರುವ ಎರಡರಿಂದ ಐದು ಮಿಲಿಮೀಟರ್‌ನ ಕಪ್ಪು ನೊಣವನ್ನು ಹುಡುಕಿ. ತಲೆ ಎದೆಗಿಂತ ಅಗಲ, ತಲೆಯೆಂಬುದೆಲ್ಲ ಕಣ್ಣೇ. ಇದು ಪಿಪುಂಕ್ಯುಲಿಡ್, ದೊಡ್ಡತಲೆ ನೊಣ. ಜಿಗಿಹುಳುವಿನ ಮೈಯೊಳಗೆ ಮೊಟ್ಟೆಯಿಡುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಒಂದರಿಂದ ನಾಲ್ಕು ಮಿಲಿಮೀಟರ್‌ನ ಗೂನುಬೆನ್ನಿನ ನೊಣ ಹಾರುವ ಬದಲು ತಟತಟನೆ ಓಡುತ್ತಿದ್ದರೆ ಅದು ಫೋರಿಡ್. ರೆಕ್ಕೆಯ ಮುಂದಿನ ಅಂಚಿನಲ್ಲಿ ಮಾತ್ರ ದಪ್ಪ ನರಗಳು, ಉಳಿದವು ಕಂಡೂ ಕಾಣದಂತೆ ತೆಳು. ಇರುವೆಯ ಮೈಯಲ್ಲಿ ಬೆಳೆಯುವ ಫೋರಿಡ್‌ಗಳಿವೆ. ಕೊಳೆತದ್ದನ್ನು ತಿಂದು ಬದುಕುವವೂ ಬಹಳ, ಆದ್ದರಿಂದ ಸತ್ತ ಹುಳುವಿನ ಮೇಲೆ ಫೋರಿಡ್ ಕಂಡಿತೆಂದು ಅದೇ ಕೊಂದಿತೆನ್ನಬೇಡಿ.

ಮೈತುಂಬ ತುಪ್ಪಳ, ನೆಟ್ಟಗೆ ಚಾಚಿದ ಉದ್ದ ಸೊಂಡಿಲು, ಕೂತಾಗಲೂ ಅಗಲಿಸಿದ ರೆಕ್ಕೆ ಇದ್ದರೆ ಬಾಂಬಿಲಿಡ್. ಸೊಂಡಿಲು ಮೋಟಾಗಿರುವವೂ ಇದರಲ್ಲಿವೆ. ನೆಲದಲ್ಲಿ ಗೂಡು ಮಾಡುವ ಜೇನು ಮತ್ತು ಕಣಜಗಳ ಮರಿಗಳು, ಮಿಡತೆಯ ಮೊಟ್ಟೆಗಳು ಇದರ ಮರಿಗಳಿಗೆ ಆಹಾರ. ಕಣಜದಂತೆ ಸಣ್ಣ ಸೊಂಟ, ಆದರೆ ಒಂದೇ ಜೊತೆ ರೆಕ್ಕೆ ಮತ್ತು ದಪ್ಪ ತಲೆ ಇದ್ದರೆ ಕೊನೊಪಿಡ್. ಸೂರ್ಯಕಾಂತಿ ಹೊಲದಲ್ಲಿ ಜೇನುಗಳ ನಡುವೆ ಹುಡುಕಿ.

ಮಲಪ್ರಭೆ, ಘಟಪ್ರಭೆ, ಕೃಷ್ಣೆಯ ದಂಡೆಯ ಮರಳಿನಲ್ಲಿ ಬಿಲ ತೋಡುವ ಕಣಜಗಳಿರುತ್ತವೆ. ಬೇಟೆ ಹೊತ್ತು ತರುವ ಕಣಜದ ಹಿಂದೆಯೇ ಸ್ವಲ್ಪ ಅಂತರದಲ್ಲಿ ಬಿಡದೆ ಹಾರುವ ಬೂದು ನೊಣ ಕಂಡರೆ ಫೋಟೊಕ್ಕಿಂತ ವಿಡಿಯೊ ತೆಗೆಯಿರಿ. ಮಾಂಸದ ನೊಣದ ಕುಟುಂಬದ ಈ ಸಣ್ಣ ಜಾತಿ, ಕಣಜ ತನ್ನ ಮರಿಗೆಂದು ತಂದ ಬೇಟೆಯ ಮೇಲೆ ತನ್ನ ಮರಿಗಳನ್ನು ಬಿಡುತ್ತದೆ. ಇಲ್ಲಿ ನಡವಳಿಕೆಯೇ ಅರ್ಧ ಗುರುತು.

ಎತ್ತು, ನಾಯಿ, ಪಾರಿವಾಳಗಳ ಮೈಗೆ ಅಂಟಿಕೊಂಡು ರಕ್ತ ಹೀರುವ ಚಪ್ಪಟೆ ನೊಣ ಹಿಪ್ಪೊಬೊಸಿಡ್ ಕುಟುಂಬದ್ದು. ಏಡಿಯಂತೆ ಅಡ್ಡಡ್ಡ ಓಡುತ್ತದೆ, ಒತ್ತಿದರೂ ಸುಲಭವಾಗಿ ಸಾಯುವುದಿಲ್ಲ.

ನೊಣದಷ್ಟೇ ಮುಖ್ಯ, ಅದು ತಿಂದ ಹುಳು

ಹೂವಿನ ಮೇಲೆ ಕಂಡ ನೊಣದ ಹತ್ತು ಚಿತ್ರಗಳಿಗಿಂತ, ಯಾವ ಹುಳುವಿನಿಂದ ಹೊರಬಂತು ಎಂದು ಗೊತ್ತಿರುವ ನೊಣದ ಒಂದು ಚಿತ್ರ ಮೇಲು. ರೈತರು ಇದನ್ನು ಮನೆಯಲ್ಲೇ ಮಾಡಬಹುದು.

ಮೊಟ್ಟೆ ಅಂಟಿದ ಹುಳು ಸಿಕ್ಕರೆ ಮೊದಲು ಅದರ ಚಿತ್ರ ತೆಗೆಯಿರಿ. ಹುಳು ಪೊರೆ ಕಳಚಿದರೆ ಮೊಟ್ಟೆಯೂ ಪೊರೆಯೊಂದಿಗೆ ಹೋಗಿಬಿಡುತ್ತದೆ. ಆಮೇಲೆ ಹುಳುವನ್ನು ಡಬ್ಬಿಗೆ ಹಾಕಿ ತೆಳು ಬಟ್ಟೆಯಿಂದ ಬಾಯಿ ಕಟ್ಟಿ. ಡಬ್ಬಿಗೆ ಒಂದೇ ಹುಳು, ಏಕೆಂದರೆ ಕಾಯಿ ಕೊರಕಗಳು ಒಂದನ್ನೊಂದು ತಿನ್ನುತ್ತವೆ. ತಳದಲ್ಲಿ ಎರಡು ಮೂರು ಸೆಂಟಿಮೀಟರ್ ಸ್ವಲ್ಪ ತೇವದ ಮಣ್ಣು, ದಿನವೂ ಹೊಸ ಕಾಯಿ. ಮೆಕ್ಕೆಜೋಳದ ಫಾಲ್ ಸೈನಿಕ ಹುಳುವಿಗೂ ಇದೇ ಕ್ರಮ, ಆಹಾರ ಮಾತ್ರ ಎಳೆಯ ಸುಳಿ. 2018ರಲ್ಲಿ ನಮ್ಮ ರಾಜ್ಯದಲ್ಲಿ ಕಾಣಿಸಿಕೊಂಡ ಆ ಹುಳುವಿನ ಮೇಲೂ ಊಜಿಯ ಹತ್ತಿರದ ಬಂಧುಗಳಾದ ಎಕ್ಸೊರಿಸ್ಟಾ ಕುಲದ ನೊಣಗಳು ಬೆಳೆಯುತ್ತವೆ.

ಹುಳು ಸತ್ತು ಪಕ್ಕದಲ್ಲಿ ನುಣುಪಾದ, ಕೆಂಗಂದು ಬಣ್ಣದ, ಎರಡೂ ತುದಿ ದುಂಡಾದ ಕೋಶ (ಒಳಗೆ ಮರಿ ನೊಣವಾಗಿ ಮಾರ್ಪಡುವ ಗಟ್ಟಿ ಸಿಪ್ಪೆ) ಬಿದ್ದಿದ್ದರೆ ಅದು ನೊಣದ್ದು. ರೇಷ್ಮೆ ಎಳೆಯ ಗೂಡು ಕಂಡರೆ ಕಣಜದ್ದು. ಹುಳು ತಲೆಕೆಳಗಾಗಿ ಜೋತು ಮೈ ಕರಗಿ ಸೋರುತ್ತಿದ್ದರೆ ಅದು ವೈರಸ್ ರೋಗ, ನೊಣದ ಕೆಲಸವಲ್ಲ. ಕೋಶದ ಹಿಂತುದಿಯಲ್ಲಿ ಉಸಿರಾಟದ ಎರಡು ಕಪ್ಪು ಚುಕ್ಕೆಗಳಿರುತ್ತವೆ. ಅವುಗಳ ಆಕಾರ ತಜ್ಞರಿಗೆ ಬಹಳ ಉಪಯುಕ್ತ, ತಪ್ಪದೆ ಹತ್ತಿರದಿಂದ ಚಿತ್ರ ತೆಗೆಯಿರಿ. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ನೊಣ ಹೊರಬರುತ್ತದೆ. ಆಗ ತಾನೇ ಬಂದ ನೊಣದ ಮೈ ಮೆತ್ತಗೆ, ಬಣ್ಣ ಪೇಲವ, ರೆಕ್ಕೆ ಮುದುಡಿರುತ್ತದೆ. ಗುರುತಿನ ಚಿತ್ರಕ್ಕೆ ಮಾರನೆಯ ದಿನದವರೆಗೆ ಕಾಯಿರಿ.

ಅಥಣಿ, ರಾಯಬಾಗ, ಜಮಖಂಡಿ, ಮುಧೋಳದ ಕಬ್ಬಿನವರು ಬೇರೆ ಕಡೆ ಹುಡುಕಬೇಕು. ಸುಳಿ ಒಣಗಿದ ಕಬ್ಬನ್ನು ಉದ್ದಕ್ಕೆ ಸೀಳಿದರೆ ಕೊರಕ ಹುಳುವಿನ ಸುರಂಗದಲ್ಲಿ ಕೆಲವೊಮ್ಮೆ ಕೆಂಗಂದು ಕೋಶ ಸಿಗುತ್ತದೆ. ಅದು ಸ್ಟರ್ಮಿಯಾಪ್ಸಿಸ್ ಇನ್‌ಫೆರೆನ್ಸ್ ಎಂಬ ಟ್ಯಾಕಿನಿಡ್ ನೊಣದ್ದಿರಬಹುದು. ಈ ನೊಣ ಮೊಟ್ಟೆಯಿಡುವುದಿಲ್ಲ. ಕೊರಕ ಕೊರೆದ ತೂತಿನ ಬಳಿ ಜೀವಂತ ಮರಿಗಳನ್ನೇ ಬಿಡುತ್ತದೆ. ಮರಿಗಳು ಒಳಗೆ ತೆವಳಿ ಕೊರಕವನ್ನು ಹುಡುಕಿಕೊಳ್ಳುತ್ತವೆ. ಯಾವ ಸಿಂಪರಣೆಯೂ ಸುಲಭವಾಗಿ ತಲುಪದ ಜಾಗಕ್ಕೆ ಈ ಮರಿ ತಲುಪುತ್ತದೆ ಎಂಬುದನ್ನು ಕಬ್ಬು ಬೆಳೆಯುವವರೆಲ್ಲ ತಿಳಿದಿರಬೇಕು.

ರೇಷ್ಮೆ ಮನೆಯಲ್ಲಿ ನೊಣ ಸಿಗದಿದ್ದರೂ ಚಿಂತೆಯಿಲ್ಲ. ಹುಳುವಿನ ಮೈಮೇಲೆ ಕೆನೆಬಣ್ಣದ ಮೊಟ್ಟೆ, ಮರಿ ಒಳಹೊಕ್ಕ ಜಾಗದಲ್ಲಿ ಕಪ್ಪು ಕಲೆ, ಗೂಡಿಗೆ ಬಿದ್ದ ದುಂಡು ತೂತು ಇವುಗಳ ಚಿತ್ರವೇ ಊಜಿಗೆ ಸಾಕಷ್ಟು ಸಾಕ್ಷಿ. ನೆಲದ ಬಿರುಕು ಮತ್ತು ಮೂಲೆಗಳಲ್ಲಿ ಕೋಶಗಳಿವೆಯೇ ಎಂದೂ ನೋಡಿ.

ಹೆಸರು ಎಲ್ಲಿಗೆ ನಿಲ್ಲಬೇಕು

ಫೋಟೊದಿಂದ ಕುಟುಂಬದವರೆಗೆ ಹೋಗುವುದು ಸಾಧ್ಯ. ಕೆಲವೊಮ್ಮೆ ಕುಲದವರೆಗೂ ಹೋಗಬಹುದು, ಉದಾಹರಣೆಗೆ ಕಾರ್ಸೀಲಿಯಾ ಕುಲದ ನೊಣಗಳ ಕಣ್ಣುಗಳ ಮೇಲೆ ದಟ್ಟ ರೋಮವಿರುತ್ತದೆ. ಪ್ರಭೇದದ ಹೆಸರು ಹೇಳಲು ಹಲವು ಸಲ ಗಂಡಿನ ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದಡಿ ನೋಡಲೇಬೇಕು. ಮೊಬೈಲ್ ಆ್ಯಪ್ ಒಂದು ಪ್ರಭೇದದ ಹೆಸರನ್ನು ಖಚಿತವೆಂಬಂತೆ ತೋರಿಸಿದರೆ ಮೇಲೆ ಹೇಳಿದ ಗುರುತುಗಳನ್ನು ಒಂದೊಂದಾಗಿ ತಾಳೆ ನೋಡಿ. ತಾಳೆಯಾಗದಿದ್ದರೆ "ಟ್ಯಾಕಿನಿಡ್, ತೊಗರಿಯ ಕಾಯಿ ಕೊರಕದಿಂದ" ಎಂದಷ್ಟೇ ಬರೆಯಿರಿ. ಅಷ್ಟು ನಿಜವಾದ ಮಾಹಿತಿ, ತಪ್ಪು ಲ್ಯಾಟಿನ್ ಹೆಸರಿಗಿಂತ ಎಷ್ಟೋ ಪಾಲು ಉಪಕಾರಿ.

ಪ್ರತಿ ಚಿತ್ರದೊಂದಿಗೆ ದಿನಾಂಕ, ಊರು ಮತ್ತು ತಾಲ್ಲೂಕು, ಬೆಳೆ, ಹುಳುವಿನ ಹೆಸರು, ಹುಳು ಸಿಕ್ಕ ದಿನ, ಕೋಶವಾದ ದಿನ, ನೊಣ ಬಂದ ದಿನ ಇರಲಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರ, ಧಾರವಾಡದ ಕೃಷಿ ವಿಶ್ವವಿದ್ಯಾಲಯ, ತೋಟದ ಬೆಳೆಯಾದರೆ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇಲ್ಲೆಲ್ಲ ಕೀಟಶಾಸ್ತ್ರಜ್ಞರಿದ್ದಾರೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ. ಚಿತ್ರ ಕಳಿಸುವಾಗ ಮೂಲ ಫೈಲನ್ನೇ ಕಳಿಸಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಹಾಕಿದರೆ ಕುಗ್ಗಿ, ಕೂದಲ ಸಾಲುಗಳು ಅಳಿಸಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಹಾಕಿದರೆ ಹಾಗಾಗುವುದಿಲ್ಲ.

ಡಬ್ಬಿಯಲ್ಲಿ ಬಂದ ನೊಣ ಸತ್ತರೆ ಎಸೆಯಬೇಡಿ. ಟ್ಯಾಕಿನಿಡ್ ಆದರೆ ಸ್ಪಿರಿಟ್‌ಗೆ ಹಾಕದೆ ಒಣದಾಗಿಯೇ ಇಡಿ, ಏಕೆಂದರೆ ಸ್ಪಿರಿಟ್ ಮೈಮೇಲಿನ ಪುಡಿಯ ಮಾದರಿಯನ್ನು ಕೆಡಿಸುತ್ತದೆ. ಸಣ್ಣ ಸೂಜಿಯನ್ನು ಎದೆಯ ಬಲಬದಿಗೆ ಚುಚ್ಚಿದರೆ ಎಡಬದಿಯ ಕೂದಲುಗಳು ಹಾಳಾಗದೆ ಉಳಿಯುತ್ತವೆ. ಫೋರಿಡ್, ಪಿಪುಂಕ್ಯುಲಿಡ್‌ನಂಥ ಪುಟ್ಟವನ್ನು ಸ್ಪಿರಿಟ್‌ನಲ್ಲಿಡಬಹುದು. ನೊಣ ಬಿಟ್ಟುಹೋದ ಕೋಶದ ಸಿಪ್ಪೆಯನ್ನೂ ಒಣಗಿದ ಹುಳುವಿನ ಚರ್ಮವನ್ನೂ ಖಾಲಿ ಮಾತ್ರೆಯ ಕ್ಯಾಪ್ಸೂಲ್‌ನಲ್ಲಿ ಹಾಕಿ, ಮೇಲೆ ಹೇಳಿದ ದಿನಾಂಕ, ಊರು ಮುಂತಾದ ವಿವರಗಳ ಚೀಟಿಯನ್ನು ಅಂಟಿಸಿ, ನೊಣದ ಜೊತೆಯಲ್ಲೇ ಇಡಿ.